ಸಾಮಾನ್ಯರ ದಿನಚರಿ: ಕಾಗದದಿಂದ ಯೂಟ್ಯೂಬಿನವರೆಗೆ



ಪ್ರೌಢಶಾಲೆಯ ಇತಿಹಾಸ ಪುಸ್ತಕದ ‘ಆಕರಗಳು’ ಎಂಬ ಅಧ್ಯಾಯ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಾಹಿತ್ಯಕ ಆಕರಗಳು, ಪುರಾತತ್ತ್ವ ಆಕರಗಳು ಎಂದು ಎರಡು ಕವಲು. ಅವುಗಳ ಕೆಳಗೆ ಶಾಸನ, ನಾಣ್ಯ, ಸ್ಮಾರಕ, ವಿದೇಶೀ ಪ್ರವಾಸಿಗರ ಬರಹ ಎಂದು ಉಪಶೀರ್ಷಿಕೆಗಳು. ಎರಡು ಅಂಕದ ಪ್ರಶ್ನೆ ಖಂಡಿತ ಎಂಬ ಭರವಸೆಯಿಂದ ಎಲ್ಲರೂ ಬಾಯಿಪಾಠ ಮಾಡುತ್ತಿದ್ದಿರಿ. ಆ ಪಟ್ಟಿಯಲ್ಲಿ ಸಿಗದ ಆಕರವೊಂದಿತ್ತು: ಸಾಮಾನ್ಯ ಮನುಷ್ಯ ತನ್ನ ವಿಷಯವಾಗಿ ತಾನೇ ಆಡಿದ ಮಾತು. ಶಾಸನವನ್ನು ಬರೆಯಿಸಿದವನು ಅರಸ ಅಥವಾ ದಾನಿ. ಊರಾಚೆ ನಿಂತಿರುವ ವೀರಗಲ್ಲು ತುರುಗಾಳಗದಲ್ಲಿ ಮಡಿದ ಸಾಮಾನ್ಯನದೇ ಇರಬಹುದು. ಆದರೆ ಅಲ್ಲಿಯೂ ಮಾತನಾಡುವವನು ಅವನಲ್ಲ, ಬದುಕಿ ಉಳಿದವರು ಅವನ ಪರವಾಗಿ ಕೆತ್ತಿಸಿದ್ದು. ಆ ದಿನ ಬೆಳಿಗ್ಗೆ ಅವನು ಏನು ಉಂಡ, ಹೊರಡುವಾಗ ಮಕ್ಕಳಿಗೆ ಏನು ಹೇಳಿದ, ಭಯಪಟ್ಟನೋ ಇಲ್ಲವೋ - ಕಲ್ಲು ಇದಾವುದನ್ನೂ ಹೇಳುವುದಿಲ್ಲ.

ಇದನ್ನು ಈಗೇಕೆ ಎತ್ತಿಕೊಂಡೆನೆಂದರೆ, ನನ್ನ ವಯಸ್ಸಿನವರು ನಾಲ್ವರು ಸೇರಿದಲ್ಲೆಲ್ಲ ಒಂದು ದೂರು ಕೇಳಿಬರುತ್ತದೆ. ‘ಈಗಿನವರು ಉಂಡದ್ದು, ಉಟ್ಟದ್ದು, ಅಡುಗೆ ಮಾಡಿದ್ದು, ಅತ್ತದ್ದು ಎಲ್ಲವನ್ನೂ ವಿಡಿಯೋ ಮಾಡಿ ಲೋಕಕ್ಕೆ ತೋರಿಸುತ್ತಾರಲ್ಲ, ಇದೇನು ಹುಚ್ಚು?’ ಹುಚ್ಚಿನ ಪಾಲು ಅದರಲ್ಲಿ ಇಲ್ಲವೆನ್ನಲಾರೆ. ಆದರೆ ಇತಿಹಾಸ ಬೋಧಿಸಿದವನ ಕಣ್ಣಿಗೆ ಅದು ಬೇರೆಯಾಗಿಯೇ ಕಾಣುತ್ತದೆ. ಅಶೋಕನ ಕಾಲದ ಒಬ್ಬ ಕುಂಬಾರ ತನ್ನ ಒಂದು ದಿನವನ್ನು ಎರಡೇ ನಿಮಿಷ ವಿವರಿಸಿಟ್ಟಿದ್ದರೆ, ಅದಕ್ಕಾಗಿ ವಿದ್ವಾಂಸರು ಏನನ್ನು ತಾನೇ ಕೊಡುತ್ತಿರಲಿಲ್ಲ! ಇನ್ನೊಂದು ಮಾತು. ಸಾಮಾನ್ಯರು ತಮ್ಮ ದಿನವನ್ನು ತಾವೇ ದಾಖಲಿಸಿ ಹಂಚಿಕೊಳ್ಳುವ ಪ್ರಯತ್ನ ಯೂಟ್ಯೂಬಿನಿಂದ ಹುಟ್ಟಿದ್ದಲ್ಲ. ಅದಕ್ಕಿಂತ ಸುಮಾರು ಎಪ್ಪತ್ತು ವರ್ಷ ಮೊದಲೇ, ಇಂಗ್ಲೆಂಡಿನಲ್ಲಿ, ಕೇವಲ ಕಾಗದ ಮತ್ತು ಶಾಯಿಯಿಂದ ಅದು ಆರಂಭವಾಗಿತ್ತು. ಆದ್ದರಿಂದ ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮ ದೇಶಕ್ಕೆ ಬರೋಣ.

1936ರ ಡಿಸೆಂಬರಿನಲ್ಲಿ ದೊರೆ ಎಂಟನೆಯ ಎಡ್ವರ್ಡ್ ತಾನು ಮೆಚ್ಚಿದ ಮಹಿಳೆಯನ್ನು ಮದುವೆಯಾಗುವ ಸಲುವಾಗಿ ಸಿಂಹಾಸನವನ್ನು ತ್ಯಜಿಸಿದ. ಬ್ರಿಟಿಷ್ ಪತ್ರಿಕೆಗಳು ಈ ಸಂಗತಿಯನ್ನು ಕೊನೆಯ ಕೆಲವು ದಿನಗಳವರೆಗೂ ಮುಚ್ಚಿಟ್ಟಿದ್ದವು. ಬಯಲಾದೊಡನೆ ‘ಜನರ ಅಭಿಪ್ರಾಯ ಹೀಗಿದೆ’ ಎಂದು ಎಲ್ಲರೂ ಹೇಳತೊಡಗಿದರು. ಜನರನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಈ ವಿಚಿತ್ರವನ್ನು ಗಮನಿಸಿದ ಮೂವರು ತರುಣರು, ಮೂವರೂ ಮೂವತ್ತರ ಒಳಗಿನವರು, 1937ರಲ್ಲಿ ‘ಮಾಸ್ ಅಬ್ಸರ್ವೇಶನ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಚಾರ್ಲ್ಸ್ ಮ್ಯಾಜ್ ಕವಿ ಮತ್ತು ಪತ್ರಕರ್ತ. ಹಂಫ್ರಿ ಜೆನ್ನಿಂಗ್ಸ್ ಸಾಕ್ಷ್ಯಚಿತ್ರ ನಿರ್ದೇಶಕ. ಮೂರನೆಯವರು ಟಾಮ್ ಹ್ಯಾರಿಸನ್. ಪೆಸಿಫಿಕ್ ಸಾಗರದ ನ್ಯೂ ಹೆಬ್ರಿಡೀಸ್ ದ್ವೀಪಗಳಲ್ಲಿ (ಇಂದಿನ ವನೂವಾಟು) ಅಲ್ಲಿನ ಜನರ ನಡುವೆ ಇದ್ದು ಬಂದವರು. ದೂರದ ದ್ವೀಪವಾಸಿಗಳ ಆಚಾರವಿಚಾರಗಳನ್ನು ಟಿಪ್ಪಣಿ ಮಾಡಿಕೊಳ್ಳುವ ನಾವು ನಮ್ಮ ಪಕ್ಕದ ಬೀದಿಯವರ ವಿಷಯ ಏನು ಬಲ್ಲೆವು ಎಂಬುದು ಅವರ ಪ್ರಶ್ನೆ. ಅವರು ಅಧ್ಯಯನಕ್ಕೆಂದು ಪ್ರಕಟಿಸಿದ ವಿಷಯಗಳ ಪಟ್ಟಿಯನ್ನು ಓದಿದರೆ ಇಂದಿಗೂ ನಗು ಬರುತ್ತದೆ: ಯುದ್ಧಸ್ಮಾರಕದ ಮುಂದೆ ಜನ ನಡೆದುಕೊಳ್ಳುವ ರೀತಿ, ಮೋಟಾರು ಓಡಿಸುವವರ ಕೂಗಾಟ ಮತ್ತು ಕೈಸನ್ನೆ, ಗಡ್ಡ, ಕಂಕುಳು, ಹುಬ್ಬು! ಆದರೆ ಆ ನಗುವಿನ ಒಳಗೆ ಒಂದು ಗಂಭೀರ ನಿಲುವಿತ್ತು. ಮನುಷ್ಯನಿಗೆ ಸಂಬಂಧಿಸಿದ ಯಾವುದೂ ಟಿಪ್ಪಣಿಗೆ ಅನರ್ಹವಲ್ಲ.

ಹೊಸ ದೊರೆ ಆರನೆಯ ಜಾರ್ಜನ ಪಟ್ಟಾಭಿಷೇಕ 1937ರ ಮೇ 12ರಂದು ನಡೆಯಿತು. ಅಂದು ದೇಶದ ನಾನಾ ಕಡೆಗಳಲ್ಲಿದ್ದ ಸ್ವಯಂಸೇವಕರು ಎದ್ದಾಗಿನಿಂದ ಮಲಗುವವರೆಗೆ ತಾವು ಮಾಡಿದ್ದು, ಕಂಡದ್ದು, ಕೇಳಿದ್ದನ್ನೆಲ್ಲ ಬರೆದು ಕಳುಹಿಸಿದರು. ಅದೇ ವರ್ಷ ಅದು ಪುಸ್ತಕವೂ ಆಯಿತು. ಬಿ.ಬಿ.ಸಿ.ಯು ಮೆರವಣಿಗೆಯನ್ನು ದೂರದರ್ಶನದಲ್ಲಿ ಪ್ರಸಾರ ಮಾಡಿದ್ದೂ ಅದೇ ದಿನ. ಸ್ಟುಡಿಯೋದ ಹೊರಗಿನಿಂದ ಅವರು ಮಾಡಿದ ಮೊದಲ ದೊಡ್ಡ ಪ್ರಸಾರ ಅದು. ನೋಡಿ, ಒಂದೇ ದಿನ ಎರಡು ದಾಖಲೆಗಳು. ಕ್ಯಾಮೆರಾ ದೊರೆಯನ್ನು ನೋಡುತ್ತಿತ್ತು. ಸ್ವಯಂಸೇವಕರು ದೊರೆಯನ್ನು ನೋಡಲು ಬಂದವರನ್ನು ನೋಡುತ್ತಿದ್ದರು. ಕ್ಯಾಮೆರಾ ಈ ಎರಡನೆಯವರ ಕೈಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಗಿತ್ತು.

ಈ ಯೋಜನೆ ಕೊಟ್ಟ ಅತ್ಯಂತ ದೊಡ್ಡ ಫಲವೆಂದರೆ, ನನ್ನ ಮಟ್ಟಿಗೆ, ನೆಲ್ಲಾ ಲಾಸ್ಟ್ ಎಂಬ ಗೃಹಿಣಿ. ಹಡಗುಕಟ್ಟೆಯ ಊರಾದ ಬ್ಯಾರೋ-ಇನ್-ಫರ್ನೆಸ್‌ನಲ್ಲಿ ಮರಗೆಲಸದವನೊಬ್ಬನ ಹೆಂಡತಿ, ಇಬ್ಬರು ಗಂಡುಮಕ್ಕಳ ತಾಯಿ. 1939ರಲ್ಲಿ ಯುದ್ಧ ಆರಂಭವಾದಾಗ ಆಕೆಗೆ 49 ವರ್ಷ. ಆಗ ಬರೆಯತೊಡಗಿದ ದಿನಚರಿಯನ್ನು ಆಕೆ ಮಾಸ್ ಅಬ್ಸರ್ವೇಶನ್ನಿಗೆ ಕಳುಹಿಸುತ್ತಲೇ 1966ರವರೆಗೆ ಮುಂದುವರಿಸಿದಳು. ಪಡಿತರ, ಬಾಂಬು ದಾಳಿ, ಗಂಡನ ಮೌನ, ತಾನು ಮನೆಯ ಹೊರಗೆ ದುಡಿಯಬಲ್ಲೆನೆಂದು ಆಕೆ ಕಂಡುಕೊಂಡದ್ದು - ಎಲ್ಲವೂ ಅದರಲ್ಲಿವೆ. ಆಕೆ 1968ರಲ್ಲಿ ತೀರಿಕೊಂಡಳು. ಯುದ್ಧಕಾಲದ ದಿನಚರಿ ಪುಸ್ತಕವಾಗಿ ಹೊರಬಂದದ್ದು 1981ರಲ್ಲಿ. ಎರಡನೆಯ ಮಹಾಯುದ್ಧದ ಪಾಠದಲ್ಲಿ ಚರ್ಚಿಲ್ಲನ ಹೆಸರು ಹೇಳಿದಷ್ಟೇ ಗೌರವದಿಂದ ಈಕೆಯ ಹೆಸರನ್ನೂ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಆಕೆಯ ಕಾಗದಗಳು ಇಷ್ಟು ಕಾಲ ಉಳಿದು ಬಂದದ್ದು ಹೇಗೆ? ಯಾರೋ ಜೋಪಾನ ಮಾಡಿದ್ದರಿಂದ. ಮಾಸ್ ಅಬ್ಸರ್ವೇಶನ್ 1949ರಲ್ಲಿ ಮಾರುಕಟ್ಟೆ ಸಮೀಕ್ಷೆಯ ವ್ಯಾಪಾರ ಕಂಪನಿಯಾಗಿ ಮಾರ್ಪಟ್ಟಿತು. ಆದರೆ ಹಳೆಯ ಕಡತಗಳು 1970ರ ದಶಕದಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಆಶ್ರಯ ಪಡೆದವು. ಈ ಅಂಶವನ್ನು ನೆನಪಿಟ್ಟುಕೊಳ್ಳಿ. ಇದು ಮುಂದೆ ಬೇಕಾಗುತ್ತದೆ.

ಕಾಗದದಿಂದ ಕ್ಯಾಮೆರಾಕ್ಕೆ ದಾಟಿಸಿದವರು ಬಿ.ಬಿ.ಸಿ.ಯವರು. ಕೈಯಲ್ಲಿ ಹಿಡಿಯಬಹುದಾದ ವಿಡಿಯೋ ಕ್ಯಾಮೆರಾಗಳು 1980ರ ದಶಕದಲ್ಲಿ ಬಂದಿದ್ದವು. 1990ರ ದಶಕದ ಆರಂಭದಲ್ಲಿ ‘ವಿಡಿಯೋ ನೇಶನ್’ ಎಂಬ ಯೋಜನೆಯಡಿ ದೇಶದ ಬೇರೆಬೇರೆ ಭಾಗಗಳ ಸಾಮಾನ್ಯರಿಗೆ ಇಂತಹ ಕ್ಯಾಮೆರಾ ಕೊಟ್ಟು, ಬಳಸುವುದನ್ನು ಕಲಿಸಿ, ನಿಮ್ಮ ಬದುಕನ್ನು ನೀವೇ ಚಿತ್ರಿಸಿಕೊಳ್ಳಿ ಎಂದರು. ಆ ಕಿರುಚಿತ್ರಗಳು 1994ರಿಂದ ರಾತ್ರಿಯ ವಾರ್ತಾ ಕಾರ್ಯಕ್ರಮಕ್ಕೆ ಮೊದಲು ಪ್ರಸಾರವಾದವು. ಇದರ ಪ್ರೇರಣೆ ಮಾಸ್ ಅಬ್ಸರ್ವೇಶನ್ನೇ. ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವಿತ್ತು. ತನ್ನ ಚಿತ್ರವನ್ನು ಪ್ರಸಾರ ಮಾಡಬೇಡಿ ಎಂದು ತಡೆಯುವ ಅಧಿಕಾರ ಅದನ್ನು ತೆಗೆದವರಿಗೇ ಇತ್ತು! ಆದರೂ ಯಾರಿಗೆ ಕ್ಯಾಮೆರಾ ಕೊಡಬೇಕು, ಯಾವ ತುಣುಕನ್ನು ತೋರಿಸಬೇಕು ಎಂಬುದನ್ನು ನಿರ್ಧರಿಸುವ ಒಬ್ಬ ಸಂಪಾದಕ ನಡುವೆ ಇದ್ದೇ ಇದ್ದ.

ಆ ಸಂಪಾದಕ ಮರೆಯಾದದ್ದು 2005ರಲ್ಲಿ. ಚಾಡ್ ಹರ್ಲಿ, ಸ್ಟೀವ್ ಚೆನ್, ಜಾವೆದ್ ಕರೀಂ ಎಂಬ ಮೂವರು (ಇಲ್ಲಿಯೂ ಮೂವರೇ, ಇಲ್ಲಿಯೂ ಇಪ್ಪತ್ತರ ಹರೆಯದವರೇ!) ಅಮೆರಿಕದಲ್ಲಿ ಯೂಟ್ಯೂಬನ್ನು ಆರಂಭಿಸಿದರು. ಅದರ ಮೊದಲ ವಿಡಿಯೋ 2005ರ ಏಪ್ರಿಲ್ 23ರದು. ಬಾಂಗ್ಲಾದೇಶೀ ತಂದೆ ಮತ್ತು ಜರ್ಮನ್ ತಾಯಿಯ ಮಗನಾದ ಕರೀಂ, ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಹಳ ಉದ್ದ ಎಂಬರ್ಥದ ಮಾತು ಹೇಳುತ್ತಾನೆ. ಒಟ್ಟು 19 ಸೆಕೆಂಡು. ಆಡಿದ್ದರಲ್ಲಿ ವಿಶೇಷವೇನೂ ಇಲ್ಲ, ನಿಜ. ಆದರೆ ಯಾರ ಅಪ್ಪಣೆಯನ್ನೂ ಕೇಳದೆ ಅದು ಲೋಕಕ್ಕೆ ತಲುಪಿತು. ಮರುವರ್ಷದ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆ 165 ಕೋಟಿ ಡಾಲರಿಗೆ ಯೂಟ್ಯೂಬನ್ನು ಕೊಳ್ಳುವುದಾಗಿ ಘೋಷಿಸಿತು.

ಇನ್ನು ಈ ಲೇಖನದ ನಾಯಕನ ಪ್ರವೇಶ. ಪೀಟರ್ ಓಕ್ಲೆ, ಜನನ 1927, ಇಂಗ್ಲೆಂಡಿನ ನಿವೃತ್ತ ಪಿಂಚಣಿದಾರರು. ಪತ್ನಿ ತೀರಿಕೊಂಡು ಒಬ್ಬರೇ ವಾಸವಾಗಿದ್ದರು. 2006ರ ಆಗಸ್ಟಿನಲ್ಲಿ, 79ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಗಣಕಯಂತ್ರದ ಮುಂದೆ ಕುಳಿತು ಒಂದು ಕಿರು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರು. ಅದಕ್ಕೆ ಇಟ್ಟ ಹೆಸರು ‘ಮೊದಲ ಪ್ರಯತ್ನ’ ಎಂಬರ್ಥದ್ದು. ಅವರು ತಮಗೆ ಕೊಟ್ಟುಕೊಂಡ ಹೆಸರು ‘ಜೆರಿಯಾಟ್ರಿಕ್ 1927’. ಎಂದರೆ ‘ಮುದುಕ 1927’ ಎಂದಂತೆ. ತಾನು ಈ ತಾಣದ ಚಟಕ್ಕೆ ಬಿದ್ದಿರುವುದಾಗಿಯೂ, ಮುದುಕನ ಕಣ್ಣಿನಿಂದ ಕಂಡ ಬದುಕಿನ ಬಗ್ಗೆ ಒಂದಿಷ್ಟು ಗೊಣಗಲು ಬಂದಿರುವುದಾಗಿಯೂ ಸಂಕೋಚದಿಂದಲೇ ಹೇಳಿಕೊಂಡರು. ಅದನ್ನು ಲಕ್ಷಾಂತರ ಜನ ನೋಡಿದರು. ಕೆಲವೇ ವಾರಗಳಲ್ಲಿ ಇಡೀ ಯೂಟ್ಯೂಬಿನಲ್ಲಿ ಅತ್ಯಧಿಕ ಚಂದಾದಾರರುಳ್ಳವರು ಅವರೇ ಆದರು! ಚಂದಾದಾರರಲ್ಲಿ ಹೆಚ್ಚಿನವರು ಅವರ ಮೊಮ್ಮಕ್ಕಳ ಪ್ರಾಯದವರು. ಪತ್ರಿಕೆಯವರು ಸಂದರ್ಶನಕ್ಕೆ ಮುಗಿಬಿದ್ದಾಗ ಮೊದಮೊದಲು ಅವರು ಒಪ್ಪಲೇ ಇಲ್ಲ.

ನಂತರ ‘ಎಲ್ಲವನ್ನೂ ಹೇಳುತ್ತೇನೆ’ ಎಂಬರ್ಥದ ಶೀರ್ಷಿಕೆಯಲ್ಲಿ ಅವರು ಕಂತುಕಂತಾಗಿ ಆತ್ಮಕಥೆಯನ್ನು ಹೇಳುತ್ತಾ ಹೋದರು. ಬಾಲ್ಯ, ಶಾಲೆ, ಸೈನ್ಯದಲ್ಲಿ ರೇಡಾರ್ ಯಂತ್ರಗಳ ಕೆಲಸ, ಮೋಟಾರು ಸೈಕಲ್ಲಿನ ಹುಚ್ಚು. ನಾಟಕೀಯತೆ ಇಲ್ಲ, ಉಪದೇಶವಿಲ್ಲ. ಜಗಲಿಯ ಮೇಲೆ ಕುಳಿತು ಅಜ್ಜ ಹೇಳಿದಂತೆ. ನಾನು ಈ ಕಂತುಗಳನ್ನು ನೋಡುವಾಗ ಗಮನಿಸಿದ್ದು ಅವರ ಕಥೆಗಿಂತ ಹೆಚ್ಚಾಗಿ ಅವರು ತಡವರಿಸುವ ಜಾಗಗಳನ್ನು. ನೆಲ್ಲಾ ಲಾಸ್ಟಳ ದಿನಚರಿಯಲ್ಲಿ ದುಃಖದ ವಾಕ್ಯಗಳಿವೆ. ಆದರೆ ಬರೆಯುವಾಗ ಆಕೆಯ ಕೈ ಎಲ್ಲಿ ನಿಂತಿತು ಎಂಬುದು ಅಚ್ಚಿನ ಪುಟದಲ್ಲಿ ಕಾಣುವುದಿಲ್ಲ. ಓಕ್ಲೆಯವರ ವಿಡಿಯೋದಲ್ಲಿ ಅದು ಕಾಣುತ್ತದೆ. ನನ್ನ ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ನಾಲ್ಕಾರು ನನಗೆ ಈಗಲೂ ಬಾಯಿಗೆ ಬರುತ್ತವೆ. ಆಕೆಯ ದನಿ ಹೇಗಿತ್ತು ಎಂಬುದನ್ನು ಮಾತ್ರ ನನ್ನ ಮಕ್ಕಳಿಗೆ ಯಾವ ಉಪಾಯದಿಂದಲೂ ಕೇಳಿಸಲಾರೆ.

2007ರಲ್ಲಿ ‘ಜಿಮ್ಮರ್ಸ್’ ಎಂಬ ವೃದ್ಧರ ಸಂಗೀತ ತಂಡದಲ್ಲಿಯೂ ಓಕ್ಲೆ ಕಾಣಿಸಿಕೊಂಡರು. ವಯಸ್ಸಾದವರನ್ನು ಸಮಾಜ ಮೂಲೆಗೆ ತಳ್ಳುವುದರ ಕುರಿತ ಒಂದು ಬಿ.ಬಿ.ಸಿ. ಸಾಕ್ಷ್ಯಚಿತ್ರಕ್ಕಾಗಿ ಹುಟ್ಟಿದ ತಂಡ ಅದು. ಮುಖ್ಯ ಗಾಯಕನ ವಯಸ್ಸು 90! ತರುಣರ ಬಂಡಾಯಗೀತೆಯೆಂದು 1960ರ ದಶಕದಲ್ಲಿ ಹೆಸರಾದ ಹಾಡನ್ನೇ ಈ ಅಜ್ಜ ಅಜ್ಜಿಯರು ಹಾಡಿದರು. 2014ರ ಫೆಬ್ರವರಿಯಲ್ಲಿ ಓಕ್ಲೆ ತಮ್ಮ ವೀಕ್ಷಕರಿಗೆ ವಿದಾಯ ಹೇಳಿದರು. ಅವರಿಗೆ ಕ್ಯಾನ್ಸರ್ ಆಗಿತ್ತು. ಮಾರ್ಚಿನಲ್ಲಿ ತೀರಿಕೊಂಡರು. ಏಳೂವರೆ ವರ್ಷ ಹೇಳಿದ ಕಥೆಯ ಕೊನೆಯ ಅಧ್ಯಾಯವನ್ನೂ ತಾವೇ ಹೇಳಿ ಹೋದರು.

ಆದರೆ ನಾಣ್ಯಕ್ಕೆ ಎರಡು ಮುಖ. ಓಕ್ಲೆ ಮಾತನಾಡತೊಡಗಿದ ಅದೇ 2006ರ ಬೇಸಿಗೆಯಲ್ಲಿ ಬ್ರೀ ಎಂಬ 16 ವರ್ಷದ ಒಂಟಿ ಹುಡುಗಿಯೊಬ್ಬಳು ತನ್ನ ಕೋಣೆಯಿಂದ ಮಾಡುತ್ತಿದ್ದ ವಿಡಿಯೋಗಳೂ ಅಷ್ಟೇ ಪ್ರಸಿದ್ಧವಾಗಿದ್ದವು. ಸೆಪ್ಟೆಂಬರಿನಲ್ಲಿ ಗುಟ್ಟು ಹೊರಬಿತ್ತು. ಬ್ರೀ ಎಂಬ ಹುಡುಗಿಯೇ ಇರಲಿಲ್ಲ. ಆಕೆ ಜೆಸ್ಸಿಕಾ ರೋಸ್ ಎಂಬ ನಟಿ, ಹಿಂದೆ ಕಥೆ ಬರೆಯುವವರ ತಂಡವೊಂದಿತ್ತು. ಅನೇಕರು ಮೋಸಹೋದೆವೆಂದು ಕೋಪಗೊಂಡರು. ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕೂಟ ಶಾಸನಗಳು, ಎಂದರೆ ನಕಲಿ ತಾಮ್ರಪಟಗಳು, ಇರುವುದು ನಿಮಗೆ ಗೊತ್ತು. ಅವುಗಳಿಂದಾಗಿ ಶಾಸನಶಾಸ್ತ್ರವನ್ನೇ ಯಾರೂ ಕೈಬಿಡಲಿಲ್ಲ. ಲಿಪಿ ನೋಡಿದರು, ತಿಥಿ ನಕ್ಷತ್ರ ಲೆಕ್ಕ ಹಾಕಿದರು, ಜಳ್ಳನ್ನು ತೂರಿದರು. ಬ್ರೀಯ ವಿಷಯದಲ್ಲಿ ವೀಕ್ಷಕರು ಮಾಡಿದ್ದೂ ಅದನ್ನೇ. ಆ ಗುಟ್ಟನ್ನು ಬಿಡಿಸಿದವರಲ್ಲಿ ಪತ್ರಿಕೆಗಳ ಜೊತೆಗೆ ಸಾಮಾನ್ಯ ವೀಕ್ಷಕರೂ ಇದ್ದರು.

ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ವರ್ಷದ ವ್ಯಕ್ತಿಯೆಂದು ‘ನೀವು’ ಎಂಬುದನ್ನೇ ಆರಿಸಿತು. ಮುಖಪುಟದಲ್ಲಿ ಕನ್ನಡಿಯಂತೆ ಹೊಳೆಯುವ ಹಾಳೆ ಅಂಟಿಸಿದ್ದರು. ಇದನ್ನು ನಾನು ವ್ಯಾಪಾರದ ಜಾಣತನವೆಂದಷ್ಟೇ ಎಣಿಸುತ್ತೇನೆ. ಹೆಚ್ಚು ಆಳವಾಗಿ ನೋಡಿದವರು ಕ್ಯಾನ್ಸಸ್ ರಾಜ್ಯದ ಮಾನವಶಾಸ್ತ್ರದ ಪ್ರಾಧ್ಯಾಪಕ ಮೈಕೆಲ್ ವೆಶ್. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಯೂಟ್ಯೂಬನ್ನೇ ಒಂದು ಊರೆಂದು ಭಾವಿಸಿ ಅಲ್ಲಿಯೇ ಕ್ಷೇತ್ರಕಾರ್ಯ ಮಾಡಿ, 2008ರ ಜೂನ್‌ನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಪನ್ಯಾಸ ಕೊಟ್ಟರು. ಇದಕ್ಕೆ ಮೊದಲು ವೆಶ್ ಕ್ಷೇತ್ರಕಾರ್ಯ ಮಾಡಿದ್ದು ಎಲ್ಲಿ ಗೊತ್ತೇ? ಪಾಪುವಾ ನ್ಯೂಗಿನಿಯಲ್ಲಿ. ಹ್ಯಾರಿಸನ್ ಇದ್ದು ಬಂದ ದ್ವೀಪಗಳಿರುವ ಅದೇ ಮೆಲನೇಷ್ಯಾ ಪ್ರದೇಶ! ಕ್ಯಾಮೆರಾದ ಮುಂದೆ ಒಬ್ಬನೇ ಕುಳಿತವನಿಗೆ ಎದುರಿಗಿರುವವರು ಯಾರೆಂದು ತಿಳಿಯುವುದಿಲ್ಲ. ತಾಯಿ, ಶತ್ರು, ಇನ್ನೂ ಹುಟ್ಟದವರು, ಯಾರೂ ನೋಡಬಹುದು. ಆದ್ದರಿಂದಲೇ ಅವನು ತಡವರಿಸುತ್ತಾನೆ, ಆದ್ದರಿಂದಲೇ ಕೆಲವೊಮ್ಮೆ ಎದುರಿಗಿದ್ದವರಿಗೆ ಹೇಳಲಾರದ್ದನ್ನೂ ಹೇಳಿಬಿಡುತ್ತಾನೆ. ವೆಶ್ ಅವರ ವಿಚಾರದ ಸಾರವನ್ನು ನಾನು ಹೀಗೆ ಗ್ರಹಿಸಿದ್ದೇನೆ. ಓಕ್ಲೆಯವರನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

1937ರ ಕಾಗದ ಮತ್ತು ಯೂಟ್ಯೂಬಿನ ವಿಡಿಯೋ ಇವೆರಡೂ ಒಂದೇ ಗಂಟಿನಲ್ಲಿ ಬೆಸೆದದ್ದು 2010ರಲ್ಲಿ. ನಿರ್ದೇಶಕ ಕೆವಿನ್ ಮ್ಯಾಕ್‌ಡೊನಾಲ್ಡ್ ಹಿಂದೆ ಹಂಫ್ರಿ ಜೆನ್ನಿಂಗ್ಸರ ಮೇಲೆಯೇ ಒಂದು ಸಾಕ್ಷ್ಯಚಿತ್ರ ಮಾಡಿದ್ದವರು. ಮಾಸ್ ಅಬ್ಸರ್ವೇಶನ್ನಿನ ಮಾದರಿಯನ್ನು ನೇರವಾಗಿ ಎತ್ತಿಕೊಂಡು, 2010ರ ಜುಲೈ 24ರಂದು ನಿಮ್ಮ ದಿನವನ್ನು ಚಿತ್ರಿಸಿ ಯೂಟ್ಯೂಬಿಗೆ ಕಳುಹಿಸಿ ಎಂದು ಲೋಕಕ್ಕೆಲ್ಲ ಕರೆಕೊಟ್ಟರು. ಜೊತೆಗೆ ಕೆಲವು ಪ್ರಶ್ನೆಗಳು: ನಿಮ್ಮ ಜೇಬಿನಲ್ಲಿ ಏನಿದೆ, ನೀವು ಯಾವುದನ್ನು ಪ್ರೀತಿಸುತ್ತೀರಿ, ಯಾವುದಕ್ಕೆ ಹೆದರುತ್ತೀರಿ. 192 ದೇಶಗಳಿಂದ ಸುಮಾರು 80,000 ವಿಡಿಯೋಗಳು ಬಂದವು; ಒಟ್ಟು 4,500 ಗಂಟೆ. ನಿದ್ದೆ ಊಟ ಬಿಟ್ಟು ಎಡೆಬಿಡದೆ ನೋಡಿದರೂ ಆರು ತಿಂಗಳು ಬೇಕು! ಅವುಗಳಿಂದ ಸುಮಾರು ಒಂದೂವರೆ ಗಂಟೆಯ ‘ಲೈಫ್ ಇನ್ ಎ ಡೇ’ ಎಂಬ ಚಿತ್ರವಾಗಿ 2011ರ ಜನವರಿಯಲ್ಲಿ ಬಿಡುಗಡೆಯಾಯಿತು.

ಪೆರು ದೇಶದ ಒಬ್ಬ ಪುಟ್ಟ ಬಾಲಕ ಬೂಟುಪಾಲಿಶ್ ಮಾಡುತ್ತಾನೆ. ಸೈಕಲ್ಲಿನಲ್ಲಿ ಲೋಕ ಸುತ್ತುವ ಕೊರಿಯಾದವನೊಬ್ಬ ನೇಪಾಳದಲ್ಲಿ ಸಿಗುತ್ತಾನೆ. ಅದೇ ದಿನ ಜರ್ಮನಿಯ ಡೂಯಿಸ್‌ಬರ್ಗ್ ನಗರದ ಸಂಗೀತೋತ್ಸವದಲ್ಲಿ ನೂಕುನುಗ್ಗಲಾಗಿ 21 ಜನ ಸತ್ತರು, ಅದೂ ಚಿತ್ರದಲ್ಲಿದೆ. ಕೊನೆಯ ದೃಶ್ಯವನ್ನು ಮಾತ್ರ ನೀವು ತಪ್ಪದೆ ನೋಡಬೇಕು. ನಡುರಾತ್ರಿ ಸಮೀಪಿಸುತ್ತಿದೆ, ಹೊರಗೆ ಮಳೆ ಗುಡುಗು. ಕಾರಿನೊಳಗೆ ಕುಳಿತ ಯುವತಿಯೊಬ್ಬಳು ಕ್ಯಾಮೆರಾದತ್ತ ತಿರುಗಿ, ದಿನವೆಲ್ಲ ದುಡಿದೆ, ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ, ಆದರೂ ನಾನೂ ಇಲ್ಲಿದ್ದೇನೆಂದು ಜನರಿಗೆ ತಿಳಿಯಬೇಕು ಎಂಬರ್ಥದ ಮಾತು ಹೇಳುತ್ತಾಳೆ. ವಿಡಿಯೋ ಹುಚ್ಚೆಂದು ನಾವು ಬೈಯುವುದರ ತಿರುಳು ಆ ಮಾತಿನಲ್ಲಿದೆ.

ನಮ್ಮ ದೇಶದ ಮಾತಿಗೆ ಬರುತ್ತೇನೆ. ಯೂಟ್ಯೂಬಿನ ಭಾರತೀಯ ಆವೃತ್ತಿ 2008ರಲ್ಲಿಯೇ ಬಂದಿತ್ತಾದರೂ, ಆಗ ವಿಡಿಯೋ ನೋಡುವುದು ನಗರದ ಉಳ್ಳವರ ಸೌಲಭ್ಯವಾಗಿತ್ತು. 2015ರ ಅಕ್ಟೋಬರ್ 10ರಂದು ಭಾರತೀಯರು ಚಿತ್ರಿಸಿ ಕಳುಹಿಸಿದ 16,000ಕ್ಕೂ ಹೆಚ್ಚು ವಿಡಿಯೋಗಳಿಂದ ರಿಚಿ ಮೆಹ್ತಾ ಅವರು ‘ಇಂಡಿಯಾ ಇನ್ ಎ ಡೇ’ ಎಂಬ ಚಿತ್ರವನ್ನು ಸಂಯೋಜಿಸಿದರು. ಅದು ತೆರೆಗೆ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಜಿಯೋ ಸೇವೆ ಆರಂಭವಾಗಿ ಮೊಬೈಲ್ ಅಂತರಜಾಲದ ದರ ಕುಸಿಯಿತು. ನಮ್ಮಲ್ಲಿ ನಿಜವಾದ ಬದಲಾವಣೆ ತಂದದ್ದು ಚಲನಚಿತ್ರವಲ್ಲ, ಈ ದರ.

ನೆರೆಯ ಆಂಧ್ರದ ಗುಡಿವಾಡ ಎಂಬ ಹಳ್ಳಿಯ ಮಸ್ತಾನಮ್ಮನವರನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ನೂರು ದಾಟಿದವರೆಂದು ಹೆಸರಾದ ಆ ಅಜ್ಜಿ ಬಯಲಿನಲ್ಲಿ ಒಲೆ ಹೂಡಿ, ನೆಲದಲ್ಲಿ ಕುಳಿತು, ಸೌದೆ ಉರಿಯಲ್ಲಿ ಅಡುಗೆ ಮಾಡುವುದನ್ನು ಆಕೆಯ ಮರಿಮಗ ಚಿತ್ರಿಸಿ ಯೂಟ್ಯೂಬಿಗೆ ಹಾಕತೊಡಗಿದ. ಹಲ್ಲಿಲ್ಲದ ಬಾಯಿ, ಕೈತುಂಬ ಬಳೆ, ಉಗುರಿನಿಂದಲೇ ಶುಂಠಿಯ ಸಿಪ್ಪೆ ತೆಗೆಯುವ ಚಾಕಚಕ್ಯತೆ. ಅಕ್ಷರ ಬಾರದ ಆಕೆಗೆ ಹತ್ತು ಲಕ್ಷಕ್ಕೂ ಮೀರಿದ ಚಂದಾದಾರರಿದ್ದರು. 2018ರ ಡಿಸೆಂಬರಿನಲ್ಲಿ ತೀರಿಕೊಂಡರು. ನೆಲ್ಲಾ ಲಾಸ್ಟಳಿಗೆ ಅಕ್ಷರ ಬರುತ್ತಿತ್ತು, ಆದ್ದರಿಂದ ಉಳಿದಳು. ಮಸ್ತಾನಮ್ಮನವರಂತಹ ಕೋಟ್ಯಂತರ ಹೆಂಗಸರು ಕಾಗದದ ಯುಗದಲ್ಲಿ ಉಳಿಯುವ ಬಗೆಯೇ ಇರಲಿಲ್ಲ. ಸಾಕ್ಷರತೆ ನಮ್ಮಲ್ಲಿ ಎಷ್ಟು ತಡವಾಗಿ ಹಬ್ಬಿತು ಎಂಬುದನ್ನು ಬಲ್ಲ ನನಗೆ, ವಿಡಿಯೋದ ಮಹತ್ವ ಇಂಗ್ಲೆಂಡಿಗಿಂತ ಇಲ್ಲಿಯೇ ಹೆಚ್ಚೆಂದು ತೋರುತ್ತದೆ.

ಕನ್ನಡದ ವಿಷಯದಲ್ಲಿ ಇನ್ನೊಂದು ಲಾಭವೂ ಆಗಿದೆ. ಪಠ್ಯಪುಸ್ತಕದಲ್ಲಿ, ಆಕಾಶವಾಣಿಯ ವಾರ್ತೆಯಲ್ಲಿ ನಾವು ಕಂಡುಕೇಳಿದ್ದು ಒಂದೇ ಅಚ್ಚಿನ ಶಿಷ್ಟ ಕನ್ನಡ. ಧಾರವಾಡದ ಧಾಟಿ, ಕಲಬುರಗಿಯ ಧಾಟಿ, ಕುಂದಾಪ್ರ ಕನ್ನಡ, ಮಂಡ್ಯದ ಮಾತು - ಇವು ಕಥೆ ಕಾದಂಬರಿಗಳ ಸಂಭಾಷಣೆಯಲ್ಲಿ ಇಣುಕುತ್ತಿದ್ದವು. ಅಲ್ಲಿಯೂ ಲಿಪಿಗೆ ದಕ್ಕಿದಷ್ಟು ಮಾತ್ರ. ಇಂದು ಆಯಾ ಊರಿನವರೇ ತಮ್ಮ ಮಾತಿನಲ್ಲಿ ಮಳೆ, ಬೆಳೆ, ಅಡುಗೆ, ಹಾಸ್ಯ ಎಲ್ಲವನ್ನೂ ಹೇಳುತ್ತಿದ್ದಾರೆ. ನೂರು ವರ್ಷ ಕಳೆದು ಕನ್ನಡದ ಭಾಷಾಚರಿತ್ರೆ ಬರೆಯುವವನಿಗೆ ಸ್ವರದ ಏರಿಳಿತದ ಸಹಿತ ಆಕರ ಸಿಗುತ್ತದೆ - ಅದು ಉಳಿದಿದ್ದರೆ.

ಉಳಿದಿದ್ದರೆ ಎಂದೆ. ಸಂಪಾದಕ ಮರೆಯಾದಾಗ ಅವನ ಹಿಂದೆಯೇ ಭಂಡಾರಿಯೂ ಮರೆಯಾದನೆಂಬುದು ನನ್ನ ಕಳವಳ. ಕಾಗದವನ್ನು ತರಿಸಿಕೊಂಡವರು ಬೈದರೂ ತಿದ್ದಿದರೂ ಕಡೆಗೆ ಕಟ್ಟುಕಟ್ಟಿ ಇಟ್ಟಿದ್ದರು. ವಿಡಿಯೋ ಇರುವುದು ಕಂಪನಿಯ ಗಣಕಯಂತ್ರದಲ್ಲಿ. ಕಂಪನಿಯ ಲೆಕ್ಕಾಚಾರ ಬದಲಾದರೆ ಅದಕ್ಕೆ ದಿಕ್ಕಿಲ್ಲ. ‘ಗೂಗಲ್ ವಿಡಿಯೋ’ ಎಂಬ ತಾಣ 2012ರಲ್ಲಿ ಮುಚ್ಚಿತು. ಆರು ಸೆಕೆಂಡಿನ ವಿಡಿಯೋಗಳ ‘ವೈನ್’ ಆ್ಯಪ್ 2017ರ ಜನವರಿಯಲ್ಲಿ ನಿಂತಿತು. ಯೂಟ್ಯೂಬಿಗೇ 2019ರ ಹೊತ್ತಿಗೆ ಪ್ರತಿ ನಿಮಿಷಕ್ಕೆ 500 ಗಂಟೆಯಷ್ಟು ವಿಡಿಯೋ ಬಂದು ಸೇರುತ್ತಿತ್ತು. ಮ್ಯಾಕ್‌ಡೊನಾಲ್ಡ್‌ರ 4,500 ಗಂಟೆ ಎಂದರೆ ಅಲ್ಲಿ ಒಂಬತ್ತು ನಿಮಿಷದ ಲೆಕ್ಕ! ಇದನ್ನೆಲ್ಲ ಶಾಶ್ವತವಾಗಿ ಕಾಪಾಡುತ್ತೇವೆಂಬ ಹೊಣೆಯನ್ನು ವ್ಯಾಪಾರದ ಸಂಸ್ಥೆಯೊಂದು ಹೊರಬೇಕೆಂದು ನಿರೀಕ್ಷಿಸುವುದು ಸಾಧುವಲ್ಲ.

2020ನೆಯ ಇಸವಿಯ ಮೂರು ದಿನಾಂಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಮೇ 12ರಂದು, ಕೊರೋನಾದ ಗೃಹಬಂಧನದ ನಡುವೆ, ಸಸೆಕ್ಸಿನ ಮಾಸ್ ಅಬ್ಸರ್ವೇಶನ್ ಭಂಡಾರವು ಎಂದಿನಂತೆ ಸಾರ್ವಜನಿಕರಿಂದ ಆ ದಿನದ ದಿನಚರಿಗಳನ್ನು ಕೇಳಿತು. ಬಂದವು ಸುಮಾರು 5,000. ಅವೆಲ್ಲ 1937ರ ಕಾಗದಗಳ ಸಾಲಿನಲ್ಲಿ ಸೇರಿದವು.

ಜೂನ್ 29ರಂದು, ಗಾಲ್ವಾನ್ ಕಣಿವೆಯ ಸಂಘರ್ಷದ ಎರಡು ವಾರಗಳ ನಂತರ, ಭಾರತ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್‌ಗೆ ನಮ್ಮಲ್ಲಿ ಆಗ ಸುಮಾರು 20 ಕೋಟಿ ಬಳಕೆದಾರರಿದ್ದರೆಂದು ವರದಿಗಳು ಹೇಳಿದವು. ನಿಷೇಧದ ರಾಜಕೀಯ ಕಾರಣಗಳನ್ನು ನಾನಿಲ್ಲಿ ಚರ್ಚಿಸುವುದಿಲ್ಲ. ದೇಶದ ಭದ್ರತೆಯ ಪ್ರಶ್ನೆ ಬಂದಾಗ ಸರ್ಕಾರ ನಿರ್ಧಾರ ಕೈಗೊಳ್ಳಲೇಬೇಕಾಗುತ್ತದೆ. ನಾನು ಕೇಳುವುದು ಭಂಡಾರಿಯ ಪ್ರಶ್ನೆಯನ್ನು. ಗದ್ದೆಯಲ್ಲಿ ನಾಟಿ ಮಾಡುವವರು, ಕಟ್ಟಡದ ಕೂಲಿಗಳು, ಲಾರಿ ಚಾಲಕರು, ಪುಟ್ಟ ಊರುಗಳ ಸೊಸೆಯಂದಿರು - ಹಿಂದೆಂದೂ ಕ್ಯಾಮೆರಾದ ಮುಂದೆ ನಿಲ್ಲದವರು ಅದರಲ್ಲಿ ಹಾಡಿದ್ದರು, ಕುಣಿದಿದ್ದರು, ನಗಿಸಿದ್ದರು. ಹೆಚ್ಚಿನವು ಹಾಸ್ಯಾಸ್ಪದವೇ ಇರಲಿ. ಫೋನಿನಲ್ಲಿ ಪ್ರತಿ ಇಟ್ಟುಕೊಳ್ಳದವರಿಗೆ ತಮ್ಮ ವಿಡಿಯೋಗಳನ್ನು ತಾವೇ ನೋಡುವ ದಾರಿ ತಪ್ಪಿತು.

ಜುಲೈ 25ರಂದು ಮ್ಯಾಕ್‌ಡೊನಾಲ್ಡ್ ಎರಡನೆಯ ಸಲ ಲೋಕವನ್ನು ಕರೆದರು. ಈ ಬಾರಿ ಬಂದ ವಿಡಿಯೋಗಳು 3,24,000. ಆ ಚಿತ್ರದಲ್ಲಿ ಒಬ್ಬ ತಾಯಿ ಇದ್ದಾಳೆ. 2010ರ ಜುಲೈ 24ರಂದು ಆಕೆ ಹದಿಹರೆಯದ ಮಗನನ್ನು ಚಿತ್ರಿಸಿದ್ದಳು. ಹತ್ತು ವರ್ಷ ಹಿಂದಿನ ಆ ದೃಶ್ಯವನ್ನು ನಮಗೆ ಮತ್ತೊಮ್ಮೆ ತೋರಿಸುತ್ತಾರೆ. ಅನಂತರ ಆಕೆ ಕ್ಯಾಮೆರಾವನ್ನು ಅವನ ಚಿತಾಭಸ್ಮವಿರುವ ಪಾತ್ರೆಯ ಕಡೆಗೆ ತಿರುಗಿಸುತ್ತಾಳೆ. ಆ ವರ್ಷವೇ ಅವನು ಕೋವಿಡ್‌ನಿಂದ ತೀರಿಕೊಂಡಿದ್ದ.